ಮುಲ್ಲಾ ಕಾಕಾನ ಪಿಜ್ಜಾ ತಪಾಸಣೆ

ನನ್ನ ಮೊಮ್ಮಗಳು ಆಳಂದದಲ್ಲಿದ್ದಾಳೆ. ಸೊಲ್ಲಾಪುರದಲ್ಲಿ ಇಲ್ಲ, ಆಳಂದದಲ್ಲಿ, ನನ್ನ ಮನೆಯಲ್ಲಿ, ನನ್ನ ಸೆರಗಿಗೇ ಜೋತುಬಿದ್ದು ಬೆಲ್ಲ ತಿನ್ನುತ್ತಿದ್ದಾಳೆ. ಬರೆಯುವ ಹಾಳೆಯ ತುಂಬ ಅವಳ ಬೆಲ್ಲದ ಬೆರಳು ಮೂಡಿವೆ. ನನ್ನ ಅಕ್ಷರಕ್ಕಿಂತ ಅವೇ ಚಂದ ಇವೆ. ಅಚ್ಚು ಹಾಕುವಾಗ ಅಕ್ಷರ ಉಳಿದು ಬೆರಳು ಹೋಗುತ್ತವಲ್ಲ ಎಂಬುದೊಂದೇ ನನ್ನ ದುಃಖ. ಬೇರೆ ದುಃಖ ನನಗೆ ಯಾವುದೂ ಇಲ್ಲ.

ಅವಳು ಇಲ್ಲಿ ಉಳಿದದ್ದು ದೇವರ ದಯೆಯಿಂದ ಎಂದು ಬರೆದರೆ ಓದುವವರಿಗೆ ಹಿತವಾಗುತ್ತದೆ. ಆದರೆ ಖರೆ ಸಂಗತಿ ಎಂದರೆ ಅವಳು ಉಳಿದದ್ದು ನಮ್ಮ ಗಲ್ಲಿಯ ಮುಲ್ಲಾ ಕಾಕಾನಿಂದ. ಅವರ ಹೆಸರು ಬರೆಯುವುದಿಲ್ಲ. ಬರೆದರೆ, ಸರಿ ಬರೆದಿದ್ದಾಳೋ ಇಲ್ಲವೋ ನೋಡಬೇಕೆಂದು ಕಾಕಾ ಖಬರಸ್ತಾನದಿಂದ ಎದ್ದು ಬಂದಾರು. ಕಂಡದ್ದನ್ನೆಲ್ಲ ತಪಾಸಣೆ ಮಾಡುವುದು ಅವರ ಹುಟ್ಟುಗುಣ.

ನಮ್ಮ ಕಡೆ ಕುರಿ, ಕೋಳಿ ಕೊಯ್ಯುವುದು ಮುಲ್ಲಾನ ಕೆಲಸ. ನಮ್ಮದು ಮಾಂಸ ತಿನ್ನುವ ಒಕ್ಕಲುಮನೆ. ಮಗುವಿನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಆಗಲಿ, ಬೀಗರೂಟಕ್ಕೆ ಆಗಲಿ, ಕುರಿ ಕಟ್ಟಿದರೆ ಮುಲ್ಲಾ ಬಂದು ಬಿಸ್ಮಿಲ್ಲಾ ಎಂದು ಕೊಯ್ಯಬೇಕು. ನಾವೇ ಯಾಕೆ ಕೊಯ್ಯಬಾರದು ಎಂದು ಹೊಸದರಲ್ಲಿ ಅತ್ತೆಯನ್ನು ಕೇಳಿದ್ದೆ. "ನಾವು ಕೊಯ್ದ್ರ ನಾವಷ್ಟೇ ಉಣ್ಣಬೇಕಾಗ್ತದ. ಅವ್ರು ಕೊಯ್ದ್ರ ಗಲ್ಲಿ ಮಂದಿ ಎಲ್ಲಾ ಬಂದು ಉಣ್ತಾರ" ಎಂದಿದ್ದಳು. ನನಗೆ ಅದು ತಿಳಿಯಿತು. ಮುಂದೆ ಕೇಳಲಿಲ್ಲ.

ಕಾಕಾನನ್ನು ನಾನು ಮೊದಲು ನೋಡಿದ್ದು ನನ್ನ ಮದುವೆಯ ಬೀಗರೂಟದ ದಿನ. ಎಪ್ಪತ್ತರ ದಶಕದ ಮಾತು ಅದು. ಹಿತ್ತಲಲ್ಲಿ ಕುರಿ ಕಟ್ಟಿತ್ತು. ಒಲೆ ಉರಿಯುತ್ತಿತ್ತು. ಬೀಗರು ಹಸಿದು ಕೂತಿದ್ದರು. ಕಾಕಾ ಬಂದವರು ಮೊದಲು ಒಂದು ಬಕೀಟು ನೀರು ಕೇಳಿದರು. ಕೈ ತೊಳೆಯಲಿಕ್ಕೆ ಎಂದುಕೊಂಡು ಕೊಟ್ಟರೆ ಅದನ್ನು ಕುರಿಯ ಮುಂದೆ ಇಟ್ಟರು. ಕುರಿ ಕುಡಿಯಲಿಲ್ಲ. ಕಾಕಾ ಅದರ ಪಕ್ಕ ಕೂತುಬಿಟ್ಟರು, ಬಸ್ಸಿಗೆ ಕಾಯುವವರ ಹಾಗೆ. ಚೂರಿಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದರು. ಕುರಿ ಅದನ್ನು ನೋಡಬಾರದಂತೆ. ಮಸೆಯುವ ಸದ್ದನ್ನೂ ಕೇಳಬಾರದಂತೆ, ಅದಕ್ಕೆ ಮನೆಯಲ್ಲೇ ಮಸೆದು ತಂದಿದ್ದರು.

ನನ್ನ ಅತ್ತೆಗೆ ಸಿಟ್ಟು ಬಂತು. "ಮುಲ್ಲಾ, ಲಗೂನ ಮುಗಸೋ. ಒಲಿ ಉರಿಯಾಕತ್ತದ!"

"ಅವಸರ ಒಲಿಗದ ಯಕ್ಕಾ, ಕುರಿಗಿಲ್ಲ" ಎಂದರು ಕಾಕಾ.

ಬೀಗರ ಹೊಟ್ಟೆ ಕುರಿಗಿಂತ ಜೋರಾಗಿ ಕೂಗತೊಡಗಿದ ಮೇಲೆ ಕುರಿ ನೀರಿಗೆ ಬಾಯಿ ಹಾಕಿತು. ಆಗ ಕಾಕಾ ಅದರ ಕಿವಿಯ ಹತ್ತಿರ ಬಗ್ಗಿ ಏನೋ ಪಿಸುಗುಟ್ಟಿದರು. ಆಮೇಲೆ ಬಿಸ್ಮಿಲ್ಲಾ ಎಂದರು. ಒಂದೇ ಎಳೆತ. ಕುರಿಗೆ ತಿಳಿಯುವುದರೊಳಗೆ ಎಲ್ಲ ಮುಗಿದಿತ್ತು.

ಆ ಪಿಸುಮಾತು ಏನು ಎಂಬುದು ಗಲ್ಲಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅರಬ್ಬಿಯ ದೊಡ್ಡ ದುವಾ ಇರಬೇಕು, ಪ್ರಾಣಿಯ ಜೀವ ಸಲೀಸಾಗಿ ಹೋಗುವಂಥ ಮಂತ್ರ ಇರಬೇಕು ಎಂದು ನಾವು ನಾವೇ ಮಾತಾಡಿಕೊಂಡಿದ್ದೆವು. ಎದುರು ಮನೆಯ ಸಾವಕಾರರು ಒಮ್ಮೆ ಕೇಳಿಯೇ ಬಿಟ್ಟರು. "ಅದು ನಂದು ಮತ್ತ ಕುರೀದು ಮಾತು" ಎಂದರಂತೆ ಕಾಕಾ. ಸಾವಕಾರರೂ ಬಿಡುವವರಲ್ಲ. "ಕುರಿ ಏನಂತದ್ರಿ ಅದಕ್ಕ?" ಎಂದಿದ್ದರು. "ಸಾವಕಾರ್ರು ಬಾಳ ಮಾತಾಡ್ತಾರ ಅಂತದ" ಎಂದು ಕಾಕಾ ಚೂರಿ ಸುತ್ತಿಕೊಂಡು ಹೋಗಿದ್ದರು.

ಈ ಸಾವಕಾರರನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೊರಳಲ್ಲಿ ಲಿಂಗ ಇರುವ ಮನೆತನ, ಬೇಳೆಕಾಳಿನ ವ್ಯಾಪಾರ. ಮಾಂಸ ಬೇಯುವ ದಿನ ನಮ್ಮ ಮನೆಯ ಕಡೆ ಗಾಳಿ ಬೀಸಿದರೂ ಕಿಟಕಿ ಹಾಕಿಕೊಳ್ಳುತ್ತಿದ್ದರು. ಆದರೆ ಪೇಟೆಗೆ ಯಾವುದೇ ಹೊಸ ತಿನಿಸು ಬಂದರೂ, ಬಿಸ್ಕೀಟಾಗಲಿ, ಬಣ್ಣದ ಮಿಠಾಯಿಯಾಗಲಿ, ಮುಲ್ಲಾ ಕಾಕಾ ತಿಂದರೋ ಇಲ್ಲವೋ ಎಂದು ಮೊದಲು ವಿಚಾರಿಸುತ್ತಿದ್ದವರು ಇವರೇ. "ಮುಲ್ಲಾಸಾಬ್ರು ಅಷ್ಟು ಕೆದಕಿ ನೋಡ್ಯಾರಂದ್ರ ನಾ ಮತ್ತ್ಯಾಕ ಕೆದಕಲಿ?" ಎನ್ನುತ್ತಿದ್ದರು. ಕಾಕಾ ಮೂಸಿ, ತಿರುವಿ ನೋಡಿ, ಅಂಗಡಿಯವನ ತಲೆ ತಿಂದು, ಕೊನೆಗೆ ಬಿಸ್ಕೀಟು ಬಾಯಿಗೆ ಹಾಕಿಕೊಂಡರೆ ಆ ದಿನ ಸಂಜೆ ಸಾವಕಾರರ ಮನೆಗೂ ಒಂದು ಪುಡಿಕೆ ಹೋಗುತ್ತಿತ್ತು. ಹೀಗೆ ಒಬ್ಬ ಮುಲ್ಲಾನ ನಾಲಿಗೆಯ ಮೇಲೆ ಲಿಂಗವಂತರ ಮನೆಯ ಶುದ್ಧಿ ನಡೆದಿತ್ತು. ಇಬ್ಬರಿಗೂ ಇದರಲ್ಲಿ ವಿಚಿತ್ರವಾದದ್ದು ಏನೂ ಕಾಣುತ್ತಿರಲಿಲ್ಲ.

ಕಾಕಾ ಚೂರಿ ಬಿಟ್ಟದ್ದೂ ನಮ್ಮ ಹಿತ್ತಲಲ್ಲೇ. ಅದು ನನ್ನ ಮಗನ ಮದುವೆಯ ಬೀಗರೂಟ. ಕುರಿ ನೀರು ಕುಡಿಯಿತು, ಪಿಸುಮಾತು ಆಯಿತು, ಕಾಕಾ ಬೆನ್ನ ಹಿಂದಿನಿಂದ ಚೂರಿ ತೆಗೆದರು. ಕೈ ನಡುಗಿತು. ಅವರು ಕೈಯನ್ನೇ ನೋಡುತ್ತ ಕೂತರು, ಬೇರೆ ಯಾರದೋ ಕೈ ಎಂಬಂತೆ. ಆಮೇಲೆ ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು.

"ಬ್ಯಾರೆದವ್ರನ್ನ ಕರಸು ಮಗಳ. ನನ್ನ ಕೈ ಈಗ ಸುದ್ದ ಇಲ್ಲ."

"ಒಂದೀಟು ಕುಂತು ಚಹಾ ಕುಡದು ಕೊಯ್ರಿ ಕಾಕಾ, ಸರಿ ಆಗ್ತದ" ಎಂದೆ.

"ಚಹಾ ನಾ ಕುಡೀಬೇಕು, ತ್ರಾಸು ಅದು ಪಡಬೇಕೇನು? ಹೋಗೂ ಜೀವ ಹೋಗ್ತದ. ಅಂಜಿಕೊಂಡು ಹೋಗಬಾರ್ದು."

ಅಷ್ಟೇ. ಆ ದಿನದಿಂದ ಅವರು ಚೂರಿ ಮುಟ್ಟಲಿಲ್ಲ. ಉಳ್ಳಾಗಡ್ಡಿಯನ್ನು ಸಹ ಅವರ ಸೊಸೆ ಹೆಚ್ಚಿಕೊಡಬೇಕು. ಕೈ ಖಾಲಿಯಾಯಿತು, ಬಾಯಿಗೆ ಬಿಡುವು ಸಿಕ್ಕಿತು. ಮೊದಲು ಮಸೀದಿಗೂ ಹಿತ್ತಲುಗಳಿಗೂ ಹಂಚಿಹೋಗುತ್ತಿದ್ದ ತಪಾಸಣೆಯೆಲ್ಲ ಈಗ ನಮ್ಮ ನಮ್ಮ ಅಡುಗೆಮನೆಗಳ ಮೇಲೆ ಬಿತ್ತು. ಕಾಕಾ ಬೀದಿಯಲ್ಲಿ ಬರುವುದು ಕಂಡರೆ ಬಜಿ ಮಾರುವವನು ಎಣ್ಣೆಯ ಬಾಣಲೆಗೆ ಮುಚ್ಚಳ ಹುಡುಕುತ್ತಿದ್ದ.

ಇಂಥ ಹೊತ್ತಿನಲ್ಲಿ ನನ್ನ ಮಗ ಸೊಲ್ಲಾಪುರದಿಂದ ಪಿಜ್ಜಾ ತಂದ.

ಅವನು ಅಲ್ಲಿ ಒಂದು ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದ. ಸೊಸೆ ನಮ್ಮ ಪಕ್ಕದ ಊರು ಸರಸಂಬಾದವಳು. ಮೊಮ್ಮಗಳು ಹುಟ್ಟಿದ್ದು ಅಲ್ಲೇ. ಹುಟ್ಟಿದಾಗ ನೋಡಲು ಹೋದೆ. ಅವಳು ನನ್ನ ಬೆರಳು ಹಿಡಿದಳು, ನಾನು ಅಲ್ಲೇ ಅರ್ಧ ಕರಗಿಹೋದೆ. ಉಳಿದ ಅರ್ಧವನ್ನು ಆಳಂದದ ಬಸ್ಸಿಗೆ ಹತ್ತಿಸಿಕೊಂಡು ಬಂದೆ. ಆಮೇಲೆ ಎರಡು ದಿನಕ್ಕೊಮ್ಮೆ ಗಲ್ಲಿಯ ಅಂಗಡಿಯಿಂದ ಫೋನು ಮಾಡಿ ಅಳುತ್ತಿದ್ದೆ. ಮಗನಿಗೆ ಕನಿಕರ ಬಂತೋ ಕಿರಿಕಿರಿಯೇ ಆಯಿತೋ, "ಯವ್ವಾ, ಆಳಂದದಾಗ ಪಿಜ್ಜಾ ಅಂಗಡಿ ಹಾಕ್ತೇನಿ. ನಡದ್ರ ಇಲ್ಲೇ ಇರ್ತೇವಿ. ನಡೀಲಿಲ್ಲಂದ್ರ ದೀಪಾವಳಿ ಆದಮ್ಯಾಲ ವಾಪಸ್ ಹೋಗ್ತೇವಿ, ಆಗ ಅಳಬಾರ್ದು ಮತ್ತ" ಎಂದ. ಅಳುವುದಿಲ್ಲ ಎಂದು ಅಳುತ್ತಲೇ ಮಾತು ಕೊಟ್ಟೆ.

ಪಿಜ್ಜಾ ಎಂದರೆ ಏನೆಂದು ನನಗಂತೂ ಗೊತ್ತಿರಲಿಲ್ಲ. ಟಿವಿಯಲ್ಲಿ ಅದರ ಜಾಹೀರಾತು ಬರುತ್ತಿದ್ದ ಕಾಲ. ಮಗ ಮಾಡಿ ತೋರಿಸಿದ. ದಪ್ಪನೆಯ ರೊಟ್ಟಿ, ಮೇಲೆ ಟೊಮೆಟೊ ಚಟ್ನಿ, ಅದರ ಮೇಲೆ ಕಾಯಿಪಲ್ಲೆ, ಅದರ ಮೇಲೆ ಚೀಸು ಎಂಬ ಹಾಲಿನ ಗಟ್ಟಿ. ರೊಟ್ಟಿಯನ್ನೂ ಪಲ್ಲೆಯನ್ನೂ ಬೇರೆ ಬೇರೆ ಬಡಿಸುವ ಪುರಸೊತ್ತು ಇಲ್ಲದವರು ಕಂಡುಹಿಡಿದದ್ದು ಎಂದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ. ಮೊಮ್ಮಗಳು ಇಲ್ಲಿ ಉಳಿಯುವುದು ಅದರ ಮೇಲೇ ನಿಂತಿತ್ತಲ್ಲ.

ಬಸ್‌ಸ್ಟ್ಯಾಂಡಿನ ಹತ್ತಿರ ಅಂಗಡಿ ತೆರೆದ ದಿನ ಗಲ್ಲಿಯೆಲ್ಲ ಬಂತು. ಬಂದು ನಿಂತಿತು. ಯಾರೂ ಕೈ ಚಾಚಲಿಲ್ಲ. ಎಲ್ಲರ ಕಣ್ಣೂ ಮುಲ್ಲಾ ಕಾಕಾನ ಮೇಲೆ. ಕಾಕಾ ಪಿಜ್ಜಾದ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಮೂಸಿದರು.

"ಇದರಾಗ ಮಾಂಸ ಅದನೋ?"

"ಇಲ್ರಿ ಮುತ್ಯಾ, ಬರೇ ಕಾಯಿಪಲ್ಲೆ" ಎಂದ ಮಗ.

"ಇದು ಕರಗಿ ನಿಂತದಲ್ಲ, ಏನಿದು?"

"ಚೀಸ್ ಅಂತಾರ್ರಿ. ಹಾಲು."

"ಹಾಲು ತಾನ ಹಿಂಗ ಗಟ್ಟಿ ಆಗ್ತದೇನು?"

ಇಲ್ಲಿ ನನ್ನ ಮಗ ಬಾಯಿ ಮುಚ್ಚಿಕೊಂಡಿದ್ದರೆ ಈ ಬರಹವೇ ಬೇಕಿರಲಿಲ್ಲ. ಆದರೆ ಅವನು ತಿಳಿದವನು. ತಿಳಿದದ್ದನ್ನು ಹೇಳದೆ ಇರಲಾರ. "ಇಲ್ರಿ, ಕಂಪನಿಯವ್ರು ಅದಕ್ಕ ಹೆಪ್ಪು ಹಾಕ್ತಾರ. ಕೆಲವು ಕಡೆ ಕರುವಿನ ಹೊಟ್ಟ್ಯಾಗಿಂದ ತಗೀತಾರಂತ, ಕೆಲವು ಕಡೆ ಬ್ಯಾರೆ ಏನೋ ಹಾಕ್ತಾರಂತ."

ಕಾಕಾ ಒಂದು ಹೆಜ್ಜೆ ಹಿಂದೆ ಸರಿದರು. ಅವರ ಹಿಂದೆ ನಿಂತಿದ್ದ ಸಾವಕಾರರು ಎರಡು ಹೆಜ್ಜೆ ಸರಿದರು.

"ಆ ಕರು ಯಾರು ಕೊಯ್ದ್ರು?" ಎಂದರು ಕಾಕಾ.

"ಕರು ಯಾಕ ಕೊಯ್ದ್ರು?" ಎಂದರು ಸಾವಕಾರರು.

"ನಂಗೇನ ಗೊತ್ತ್ರಿ! ಇದು ಡಬ್ಬ್ಯಾಗ ಬರ್ತದ" ಎಂದ ಮಗ.

ಅಲ್ಲಿಂದ ಕಾಕಾನಿಗೆ ದಾರಿ ಸಿಕ್ಕಿತು. ಹಿಟ್ಟು ಉಬ್ಬುವುದು ಹೇಗೆ ಎಂದು ಕೇಳಿದರು. ಯೀಸ್ಟ್ ಎಂದ. ಕುಡಿಯುವ ಸೆರೆಗೆ ಹಾಕುವುದೂ ಅದೇ ಅಲ್ಲವೇನು ಎಂದರು. "ದಿನಾ ಮುಂಜಾನಿ ಚಹಾದಾಗ ಅದ್ದಿ ತಿಂತೀರಲ್ರಿ ಮುತ್ಯಾ, ಆ ಪಾವು ಬ್ರೆಡ್ಡಿನಾಗೂ ಅದೇ ಅದ" ಎಂದ ಮಗ. ಕಾಕಾ ಕೆಮ್ಮಿದರು. "ಪಾವಿನ ಮಾತು ಬ್ಯಾರೆ" ಎಂದು ಸೆರೆಯನ್ನು ಅಲ್ಲಿಗೇ ಬಿಟ್ಟು ತಟ್ಟೆ ಹಿಡಿದರು. ತಟ್ಟೆ ಎಲ್ಲಿಯದು? ಸೊಲ್ಲಾಪುರದ ಹೋಟೆಲಿನದು, ಹಳೆಯದು. ಅಲ್ಲಿ ಇದರಲ್ಲಿ ಕೋಳಿ ಬೇಯಿಸಿದ್ದರೋ? ಬೇಯಿಸಿದ್ದರು. ಆ ಕೋಳಿಯನ್ನು ಯಾರು ಕೊಯ್ದಿದ್ದರು?

ಮಗನ ತಾಳ್ಮೆ ಹರಿಯಿತು. "ಮುತ್ಯಾ, ದುನಿಯಾದಾಗಿನ ಕೋಳಿ ಎಲ್ಲಾ ನಿಮ್ಮ ಕೈಯಾಗ ಸಾಯಬೇಕೇನ್ರಿ?"

"ಸತ್ತಿದ್ರ ಸುಖದಿಂದ ಸಾಯ್ತಿದ್ವು" ಎಂದು ಕಾಕಾ ಕೋಲು ಊರಿ ಹೊರಟರು. ಗಲ್ಲಿಯೂ ಹೊರಟಿತು. ಉಳಿದವರು ನಾನು, ಮಗ, ಸೊಸೆ, ಆರಿದ ಪಿಜ್ಜಾ. ನಾನೇ ತಿಂದೆ. ಮೊಮ್ಮಗಳಿಗಾಗಿ ಏನನ್ನಾದರೂ ತಿಂದೇನು.

ಮರುದಿನ ಮಗ ತನ್ನ ಬುದ್ಧಿ ಉಪಯೋಗಿಸಿದ. ಅಂಗಡಿಗೆ ಬೋರ್ಡು ಬರೆಸಿದ: ಶುದ್ಧ ಶಾಕಾಹಾರಿ. ಇನ್ನು ಕೇಳುವವರು ಯಾರು ಎಂದು ಮೀಸೆ ತಿರುವಿದ. ಬೋರ್ಡು ಓದಿ ಮುಸಲ್ಮಾನರು ಇದು ನಮ್ಮ ಅಂಗಡಿಯಲ್ಲ ಎಂದು ಮುಂದೆ ಹೋದರು. ಕಾಕಾ ಓದಿಸಿಕೊಂಡು, "ನಾ ಮಾಂಸ ಅದನ ಅಂತ ಕೇಳೇನೇನು? ಹೆಪ್ಪು ಯಾವುದು ಅಂತ ಕೇಳೇನಿ" ಎಂದರು. ಅದಕ್ಕೆ ಮಗ ಅದರ ಪಕ್ಕದಲ್ಲೇ ಇನ್ನೊಂದು ಬೋರ್ಡು ಹಾಕಿದ: ಹಲಾಲ್. ಅದನ್ನು ಓದಿ ಲಿಂಗವಂತರು, ಒಳಗೆ ಕುರಿ ಬೇಯುತ್ತಿದೆ ಎಂದು ಎದುರಿನ ಓಣಿ ಹಿಡಿದರು. ಸಾವಕಾರರು ಮೂಗಿಗೆ ಶಲ್ಯ ಒತ್ತಿಕೊಂಡು ನಡೆದರು, ಒಳಗೆ ಬೇಯುತ್ತಿದ್ದದ್ದು ಬರೇ ದೊಣ್ಣಮೆಣಸಿನಕಾಯಿ. ಎರಡು ಬೋರ್ಡು ಹಾಕಿ ಎರಡೂ ಕಡೆಯ ಗಿರಾಕಿಗಳನ್ನು ಓಡಿಸಿದ ಅಂಗಡಿ ಆಳಂದದಲ್ಲಿ ನನ್ನ ಮಗನದೊಂದೇ. ಬಸ್ಸಿಗೆ ಕಾಯುವ ಮಂದಿ ಅದರ ನೆರಳಲ್ಲಿ ನಿಲ್ಲುತ್ತಿದ್ದರು. ನೆರಳಿನ ಬಗ್ಗೆ ಯಾರಿಗೂ ಸಂಶಯ ಇರಲಿಲ್ಲ.

ದೀಪಾವಳಿ ಹತ್ತಿರ ಬಂತು. ಒಂದು ಮಧ್ಯಾಹ್ನ ಬಂದು ನೋಡಿದರೆ ಸೊಸೆ ಮೊಮ್ಮಗಳ ಕುಲಾವಿಗಳನ್ನು ಟ್ರಂಕಿಗೆ ಹಾಕುತ್ತಿದ್ದಳು. ನಾನು ಸೀದಾ ಕಾಕಾನ ಮನೆಗೆ ಹೋದೆ. ಕಾಕಾ ಕಟ್ಟೆಯ ಮೇಲೆ ಕೂತು ಪಾವನ್ನು ಚಹಾದಲ್ಲಿ ಅದ್ದುತ್ತಿದ್ದರು. ನಡುಗುವ ಕೈಯಿಂದ ಅರ್ಧ ಚಹಾ ಕಟ್ಟೆಯೇ ಕುಡಿಯುತ್ತಿತ್ತು.

"ತಿನ್ರಿ, ಆರಾಮ ತಿನ್ರಿ" ಎಂದೆ. "ನನ್ನ ಮೊಮ್ಮಗಳನ್ನ ಊರು ಬಿಡಿಸಿ ಪಾವು ತಿನ್ರಿ."

"ನಾ ಏನ ಮಾಡೇನಿ ಬೇ?"

"ಬ್ಯಾಡ ಅಂದ್ರಿ. ನೀವು ಬ್ಯಾಡ ಅಂದಿದ್ದಕ್ಕ ಯಾರೂ ಮುಟ್ಟವಲ್ರು."

"ನಾ ಬ್ಯಾಡ ಅಂದೇನೇನು? ಗೊತ್ತಿಲ್ಲ ಅಂದೇನಿ. ಬ್ಯಾಡ ಅನ್ನೂದು ಬ್ಯಾರೆ, ಗೊತ್ತಿಲ್ಲ ಅನ್ನೂದು ಬ್ಯಾರೆ. ಗೊತ್ತಿಲ್ಲದ್ದು ಹೊಟ್ಟ್ಯಾಗ ಹೋದಮ್ಯಾಲ ಗೊತ್ತಾಗ್ತದೇನು?"

"ಹಂಗಾದ್ರ ಗೊತ್ತಿದ್ದದ್ದೇ ಹಾಕೂಣು. ನಮ್ಮ ಎಮ್ಮಿ ನಿಮಗ ಗೊತ್ತಿಲ್ಲೇನು?"

"ಗೊತ್ತಿಲ್ದ ಏನು? ಒದೀತದ."

"ಅದರ ಹಾಲು?"

"ಹಾಲು ಚಲೋ ಅದ."

"ಲಿಂಬಿಹಣ್ಣು?"

ಕಾಕಾ ಪಾವು ಕೆಳಗಿಟ್ಟರು. ನನ್ನನ್ನು ನೋಡಿದರು. ಆ ಮುಖದಲ್ಲಿ, ಕುರಿ ನೀರು ಕುಡಿಯಲಿ ಎಂದು ಕಾಯುತ್ತ ಕೂತಿದ್ದಾಗಿನ ನೋಟವೇ ಇತ್ತು. "ಹಾಲು ನನ್ನ ಮುಂದ ಒಡೀಬೇಕು ಮತ್ತ" ಎಂದರು. "ಹಿಂದ ಒಡದು ಮುಂದ ತಂದು ಇಟ್ರ ನಡಿಯಂಗಿಲ್ಲ."

ಮರುದಿನ ನಮ್ಮ ಹಿತ್ತಲಲ್ಲಿ ಇಬ್ಬರು ಯಜಮಾನರು, ಕಾಕಾ ಮತ್ತು ಸಾವಕಾರರು, ಸ್ಟೂಲು ಹಾಕಿಕೊಂಡು ಕೂತರು, ಪಂಚಾಯಿತಿಗೆ ಕೂತವರ ಹಾಗೆ. ನಾನು ಎಮ್ಮೆ ಹಿಂಡಿದೆ, ಅದು ಒದೆಯಿತು, ಕಾಕಾ "ಹೇಳಿದ್ದಿಲ್ಲೇನು" ಎಂದರು. ಹಾಲು ಕಾಯಿಸಿ ಲಿಂಬೆಹುಳಿ ಹಿಂಡಿದೆ. ಒಡೆಯಿತು. ಬಟ್ಟೆಯಲ್ಲಿ ಕಟ್ಟಿ ಒಳಕಲ್ಲಿನ ಗುಂಡು ಹೇರಿದೆ. ತಟ್ಟೆಗಳನ್ನು ಕಾಕಾ ಹೇಳಿದಂತೆ ಮೂರು ನೀರಲ್ಲಿ ತೊಳೆದೆವು. ತೊಳೆದು ಮುಗಿಸಿದ ಮೇಲೆ ಸಾವಕಾರರು, ನಮ್ಮ ಕಡೆಯಿಂದ ಒಂದು ಸಲ ಬೂದಿ ಹಾಕಿ ತಿಕ್ಕಿರಿ ಎಂದರು. ಎರಡು ಧರ್ಮಗಳು ಸೇರಿ ತಿಕ್ಕಿದ ಮೇಲೆ ತಟ್ಟೆಗೆ ಅದರ ಬಣ್ಣವೇ ಉಳಿಯಲಿಲ್ಲ. ಸೊಲ್ಲಾಪುರದ ಹೋಟೆಲಿನವರು ಬಂದರೂ ಗುರುತು ಹಿಡಿಯುತ್ತಿರಲಿಲ್ಲ.

ಮಗನದು ಇನ್ನೊಂದು ರಾಗ. "ಯವ್ವಾ, ಇದು ಕರಗಂಗಿಲ್ಲ. ಎಳದ್ರ ದಾರ ಬರಬೇಕು, ದಾರ!"

"ದಾರ ಬೇಕಾಗಿದ್ರ ಸಿಂಪಿಗ್ಯಾರ ಅಂಗಡಿಗಿ ಹೋಗಲೇ" ಎಂದೆ. "ನಂಗ ಮೊಮ್ಮಗಳು ಬೇಕಾಗ್ಯಾಳ."

ಬೋರ್ಡು ಎರಡನ್ನೂ ಕಿತ್ತು ಒಲೆಗೆ ಹಾಕಿದೆವು. ಅಂಗಡಿಯಲ್ಲಿ ಪಿಜ್ಜಾ ಬೆಂದು ಹೊರಗೆ ಬಂತು. ಗಲ್ಲಿ ಮತ್ತೆ ಬಂದು ನಿಂತಿತು. ಸೊಸೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಟ್ರಂಕನ್ನು ಇನ್ನೂ ಬಿಚ್ಚಿರಲಿಲ್ಲ. ಮಗ ಪಿಜ್ಜಾ ಕೊಯ್ಯುವ ಗಾಲಿಯ ಚಾಕು ಎತ್ತಿದ. ಅದನ್ನು ಅವನ ಕೈಯಿಂದ ತೆಗೆದುಕೊಂಡು ಕಾಕಾನ ಮುಂದೆ ಹಿಡಿದೆ.

"ನೀವ ಕೊಯ್ರಿ."

ಕಾಕಾ ಕೈಗಳನ್ನು ಮಡಿಲಿಗೆ ಎಳೆದುಕೊಂಡರು. "ಕೈ ನಡುಗ್ತಾವ ಮಗಳ. ನಿಂಗ ಗೊತ್ತದ."

"ನಡುಗಲಿ ಬಿಡ್ರಿ. ಇದಕ್ಕ ತ್ರಾಸು ಆಗಂಗಿಲ್ಲ."

ಅವರು ಬಹಳ ಹೊತ್ತು ಪಿಜ್ಜಾವನ್ನೇ ನೋಡಿದರು. ಆಮೇಲೆ ಎದ್ದರು. ಚಾಕು ತೆಗೆದುಕೊಂಡರು. ತೆಗೆದುಕೊಂಡವರು ಅದನ್ನು ಸೀದಾ ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ನನ್ನ ಮಗ ನಗಲು ಬಾಯಿ ತೆರೆದ, ನಾನು ಅವನ ಕಾಲು ತುಳಿದೆ. ಕಾಕಾ ಲೋಟದಲ್ಲಿ ಬೆರಳು ಅದ್ದಿ ಪಿಜ್ಜಾದ ಅಂಚಿಗೆ ಎರಡು ಹನಿ ನೀರು ಬಿಟ್ಟರು. ಬಗ್ಗಿದರು. ತುಟಿ ಅಲುಗಿದವು. ಬಿಸ್ಮಿಲ್ಲಾ ಎಂದು ಗಾಲಿ ಓಡಿಸಿದರು.

ಗಾಲಿ ನೆಟ್ಟಗೆ ಹೋಗಲಿಲ್ಲ. ಭೀಮಾ ನದಿ ತಿರುಗಿದ ಹಾಗೆ ತಿರುಗುತ್ತ ಹೋಯಿತು. ಒಂದು ತುಂಡು ಅಂಗೈಯಷ್ಟು, ಒಂದು ತುಂಡು ನಾಲಿಗೆಯಷ್ಟು.

"ಒಂದ ಏಟಿಗಿ ಆಗಲಿಲ್ಲ" ಎಂದರು ಕಾಕಾ, ಸಣ್ಣ ದನಿಯಲ್ಲಿ.

"ಅದು ಏನೂ ಅನ್ಲಿಲ್ಲ ಬಿಡ್ರಿ ಮುಲ್ಲಾಸಾಬ್" ಎಂದರು ಸಾವಕಾರರು.

ಕಾಕಾ ಒಂದು ತುಂಡು ಬಾಯಿಗೆ ಇಟ್ಟುಕೊಂಡರು. ನಿಧಾನ ಅಗಿದರು. ನುಂಗಿದರು.

"ಹಲಾಲ್ ಅದ" ಎಂದರು. ಗಲ್ಲಿ ಒಮ್ಮೆಲೇ ಮುನ್ನುಗ್ಗಿತು. ಆ ಗದ್ದಲದಲ್ಲಿ ಕಾಕಾ ನನ್ನ ಕಿವಿಗೆ ಬಗ್ಗಿ, "ರುಚಿ ಮಾತು ನನ್ನ ಕೇಳಬ್ಯಾಡ ಮಗಳ" ಎಂದರು. ನನಗೆ ಸಿಕ್ಕಿದ್ದು ನಾಲಿಗೆಯಷ್ಟು ತುಂಡು. ಎಮ್ಮೆಯಿಂದ ಒದೆಸಿಕೊಂಡವಳು ನಾನು, ಅಂಗೈಯಷ್ಟು ತುಂಡು ತಿಂದವರು ಸಾವಕಾರರು.

ಸೊಸೆ ಆ ದಿನವೇ ಟ್ರಂಕು ಬಿಚ್ಚಿದಳು.

ಆಮೇಲೆ ಅಂಗಡಿ ನಡೆಯಿತು. ದಾರ ಬರದ ಪಿಜ್ಜಾ ತಿನ್ನಲು ಅಫಜಲಪುರದಿಂದಲೂ ಮಂದಿ ಬಂದರು ಎಂದರೆ ನೀವು ನಂಬುವುದಿಲ್ಲ, ನಂಬಬೇಡಿ. ಒಬ್ಬರು ಬಂದಿದ್ದರು, ಅವರ ಬಸ್ಸು ತಪ್ಪಿತ್ತು. ದಿನಾ ಮಧ್ಯಾಹ್ನದ ನಮಾಜು ಮುಗಿಸಿ ಕಾಕಾ ಬರುವರು. ಮೊದಲ ಪಿಜ್ಜಾ ಅವರೇ ಕೊಯ್ಯಬೇಕು, ಅದೇ ನೀರಿನ ಹನಿ, ಅದೇ ಪಿಸುಮಾತು. ಕೂಲಿ ಎಂದು ಒಂದು ತುಂಡು ಕೊಟ್ಟರೆ ಅದನ್ನು ಮುಟ್ಟದೆ, ಜೇಬಿನಿಂದ ಪಾವು ತೆಗೆದು ತಿನ್ನುವರು. ನನ್ನ ಮೊಮ್ಮಗಳು ಕೂರಲು ಕಲಿತದ್ದು ಅವರ ತೊಡೆಯ ಮೇಲೆ. ಒಂದು ಕೈಯಲ್ಲಿ ಅವಳು, ಒಂದು ಕೈಯಲ್ಲಿ ಗಾಲಿ. ಪಿಜ್ಜಾ ದಿನಾ ಸೊಟ್ಟ. ನೆಟ್ಟಗೆ ಕೊಯ್ದ ತುಂಡು ಸಿಕ್ಕರೆ, ಇದು ನಿನ್ನೆಯದೋ ಏನೋ ಎಂದು ನಮ್ಮ ಗಲ್ಲಿಯವರು ಸಂಶಯ ಪಡುವ ಮಟ್ಟಕ್ಕೆ ಹೋಯಿತು.

ಹೋದ ವರ್ಷ ಚಳಿಗಾಲದಲ್ಲಿ ಕಾಕಾ ಹೋದರು. ಮಲಗಿದ್ದವರು ಹಾಗೇ, ಯಾರಿಗೂ ತ್ರಾಸು ಕೊಡದೆ. ಸಾವಕಾರರು ಖಬರಸ್ತಾನದ ತನಕ ನಡೆದರು. ಈಗ ಪೇಟೆಗೆ ಹೊಸ ಬಿಸ್ಕೀಟು ಬಂದರೆ ಅವರು ಅದನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ಮನೆ ನಿಲ್ಲುತ್ತಾರೆ.

ಮೊನ್ನೆ ಮೊಮ್ಮಗಳ ಹುಟ್ಟುಹಬ್ಬ ಆಯಿತು. ಅವಳ ಅಪ್ಪ ಕೇಕು ಮಾಡಿದ್ದ. ಸಾವಕಾರರು ಬರುವವರಿದ್ದರಲ್ಲ, ಮೊಟ್ಟೆ ಹಾಕಿರಲಿಲ್ಲ. ಕೊಯ್ಯಲು ಅವಳ ಕೈಗೆ ಪ್ಲಾಸ್ಟಿಕ್ಕಿನ ಚಾಕು ಕೊಟ್ಟೆವು. ಅವಳು ಅದನ್ನು ತೆಗೆದುಕೊಂಡು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. ಲೋಟದಲ್ಲಿ ಬೆರಳು ಅದ್ದಿ ಕೇಕಿಗೆ ನೀರು ಹನಿಸಿದಳು. ಆಮೇಲೆ ಮೂಗಿಗೆ ಕ್ರೀಮು ಹತ್ತುವಷ್ಟು ಬಗ್ಗಿ, ಕೇಕಿಗೆ ಪಿಸುಗುಟ್ಟಿದಳು. ಅವಳ ಪಿಸುಮಾತು ಬೀದಿಗೆಲ್ಲ ಕೇಳುತ್ತದೆ.

"ಅಂಜಬ್ಯಾಡ ನನ್ನ ಕಂದಾ. ನಾ ಇದ್ದೇನಿ."

ಇಷ್ಟು ವರ್ಷ ಅರಬ್ಬಿಯ ಮಂತ್ರ ಎಂದುಕೊಂಡಿದ್ದೆವು. ಸಾವಕಾರರು ತಲೆಯ ಮೇಲಿನ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

ಅವಳು ಬಿಸ್ಮಿಲ್ಲಾ ಎಂದು ಕೊಯ್ದಳು, ಸೊಟ್ಟಗೆ. ಈ ಸಲವೂ ನನಗೆ ನಾಲಿಗೆಯಷ್ಟೇ ತುಂಡು ಬಂತು.